ಅಂಗಿಗೆ ನಡುಬಾಗುವ ಆಸ್ಥಾನ

ಹದಿನಾರನೆಯ ಶತಮಾನದ ಮಾಸ್ಕೋ. ತ್ಸಾರ್ ಇವಾನನ ಸಿಂಹಾಸನದ ಮೇಲೆ ಕೂತಿರುವವನು ನಾಲ್ಕು ಶತಮಾನಗಳ ಆಚೆಯಿಂದ ಬಂದು ಬಿದ್ದ, ವಸತಿ ಕಟ್ಟಡವೊಂದರ ಮ್ಯಾನೇಜರ್. ಮೈಮೇಲೆ ಅವಸರದಲ್ಲಿ ಸಿಕ್ಕಿಸಿಕೊಂಡ ರಾಜನಿಲುವಂಗಿ. ಗಲ್ಲಕ್ಕೆ ಸುತ್ತಿದ ಬಟ್ಟೆ, ದೊರೆಗೆ ಹಲ್ಲುನೋವು ಎಂಬ ನೆಪ. ಪಕ್ಕದಲ್ಲಿ ನಿಂತು ಆಸ್ಥಾನದ ವ್ಯವಹಾರವನ್ನೆಲ್ಲ ನಿಭಾಯಿಸುತ್ತಿರುವವನು ಪಳಗಿದ ಕಳ್ಳ. ಅವನು ತನ್ನನ್ನು ರಾಜವಂಶದ ಮಿಲೊಸ್ಲಾವ್‌ಸ್ಕಿ ಎಂದು ಪರಿಚಯಿಸಿಕೊಂಡಾಗ ಕರಣಿಕ ಫೆಯೊಫಾನ್ ಬೆಚ್ಚಿಬೀಳುತ್ತಾನೆ. ಆ ಹೆಸರಿನವನನ್ನು ಈಚೆಗಷ್ಟೇ ದೊರೆಯ ಅಪ್ಪಣೆಯಂತೆ ಅವನ ಮನೆಯ ಹೆಬ್ಬಾಗಿಲಿಗೇ ನೇಣು ಹಾಕಲಾಗಿದೆ. ಅವನು ಬೇರೆ, ನಾನು ಬೇರೆ ಎಂದು ಕಳ್ಳ ಮಾತು ತಿರುಗಿಸುತ್ತಾನೆ. ಕರಣಿಕ ಅದನ್ನೂ ಒಪ್ಪಿಕೊಳ್ಳುತ್ತಾನೆ.

ಇದು 1973ರಲ್ಲಿ ಮಾಸ್‌ಫಿಲ್ಮ್ ಸ್ಟುಡಿಯೋ ತಯಾರಿಸಿದ, ಲಿಯೊನಿದ್ ಗೈದಾಯ್ ನಿರ್ದೇಶಿಸಿದ 'ಇವಾನ್ ವಸೀಲಿಯೆವಿಚ್ ಕಸುಬು ಬದಲಿಸುತ್ತಾನೆ' ಎಂಬ ಚಿತ್ರದ ಸನ್ನಿವೇಶ. ಸೋವಿಯತ್ ಒಕ್ಕೂಟದಲ್ಲಿ ಈ ಚಿತ್ರಕ್ಕೆ ಮಾರಾಟವಾದ ಟಿಕೆಟ್‌ಗಳು 6 ಕೋಟಿಗೂ ಹೆಚ್ಚು. ಒಕ್ಕೂಟ ಒಡೆದು ಮೂರು ದಶಕ ಕಳೆದ ಮೇಲೂ ಹೊಸ ವರ್ಷದ ರಜೆ ಬಂತೆಂದರೆ ರಷ್ಯದ ಟಿವಿಯಲ್ಲಿ ಈ ಚಿತ್ರ ಬರುತ್ತದೆ. ಅದರ ಹತ್ತಾರು ಸಂಭಾಷಣೆಗಳು ಜನರ ಬಾಯಲ್ಲಿ ಗಾದೆಗಳಾಗಿವೆ.

ಇಷ್ಟು ಪ್ರೀತಿ ಗಳಿಸಿದ ಹಾಸ್ಯವನ್ನು ಅನುಮಾನದಿಂದ ನೋಡಲು ಎರಡು ಕಾರಣಗಳಿವೆ. ಸರ್ಕಾರಿ ಸ್ಟುಡಿಯೋದಿಂದ ಸರ್ಕಾರದ ಒಪ್ಪಿಗೆಯ ಮುದ್ರೆ ಒತ್ತಿಸಿಕೊಂಡು ಬಂದ ಹಾಸ್ಯಕ್ಕೆ ಹಲ್ಲು ಎಲ್ಲಿಂದ ಬರಬೇಕು ಎಂಬುದು ಒಂದು. ರಷ್ಯದ ಇತಿಹಾಸದ ಅತಿ ಕ್ರೂರ ದೊರೆಗಳಲ್ಲೊಬ್ಬನನ್ನು ಈ ಚಿತ್ರ ಮನೆಗೆ ಬಂದ ಮುಂಗೋಪಿ ನೆಂಟನಂತೆ ತೋರಿಸಿ ಮುದ್ದು ಮಾಡಿತು ಎಂಬುದು ಇನ್ನೊಂದು. ಮೊದಲ ಅನುಮಾನ ಚಿತ್ರವನ್ನು ಎಚ್ಚರದಿಂದ ನೋಡಿದವರ ಮುಂದೆ ನಿಲ್ಲುವುದಿಲ್ಲ. ಎರಡನೆಯದರಲ್ಲಿ ಹುರುಳಿದೆ, ಅದಕ್ಕೆ ಉತ್ತರ ಕೊಡಲೇಬೇಕು. ಆ ಉತ್ತರ ಸಿಗುವುದು ತ್ಸಾರನ ಪಾತ್ರದಲ್ಲಲ್ಲ, ಅವನ ಸುತ್ತ ನಿಂತವರಲ್ಲಿ. ಗೈದಾಯ್ ಚಿತ್ರದ ನಿಜವಾದ ವಸ್ತು ಕ್ರೌರ್ಯವೂ ಅಲ್ಲ, ಕಾಲಯಾನವೂ ಅಲ್ಲ, ವಿಧೇಯತೆ.

ಕಥೆಯ ಬೇರು ಗೈದಾಯ್‌ನದಲ್ಲ. ಅದು 'ಮಾಸ್ಟರ್ ಮತ್ತು ಮಾರ್ಗರೀಟಾ' ಬರೆದ ಮಿಖಾಯಿಲ್ ಬುಲ್ಗಾಕೊವ್‌ನದು. 1929ರ ಹೊತ್ತಿಗೆ ಬುಲ್ಗಾಕೊವ್‌ನ ನಾಟಕಗಳೆಲ್ಲ ಸೋವಿಯತ್ ರಂಗಭೂಮಿಯಿಂದ ಮಾಯವಾಗಿದ್ದವು. 1930ರ ಮಾರ್ಚ್ 28ರಂದು ಅವನು ಸರ್ಕಾರಕ್ಕೆ ಪತ್ರ ಬರೆದು, ಕೆಲಸ ಕೊಡಿ, ಇಲ್ಲವೇ ದೇಶ ಬಿಡಲು ಬಿಡಿ ಎಂದು ಕೇಳಿಕೊಂಡ. ಏಪ್ರಿಲ್ 18ರಂದು ಮನೆಯ ಫೋನ್ ರಿಂಗಣಿಸಿತು. ಆ ಕಡೆ ಮಾತನಾಡಿದ್ದು ಸ್ಟಾಲಿನ್. ಅದರ ಫಲವಾಗಿ ಮಾಸ್ಕೋ ಆರ್ಟ್ ಥಿಯೇಟರ್‌ನಲ್ಲಿ ಕೆಲಸ ಸಿಕ್ಕಿತು. ಬರೆದದ್ದು ರಂಗಕ್ಕೆ ಬರುವ ಭರವಸೆ ಮಾತ್ರ ಸಿಗಲಿಲ್ಲ.

1934ರಲ್ಲಿ ಅವನು ಮುಗಿಸಿದ 'ಪರಮಾನಂದ' ಎಂಬ ನಾಟಕದಲ್ಲಿ ಒಬ್ಬ ಎಂಜಿನಿಯರ್, ಒಬ್ಬ ಕಟ್ಟಡದ ಮ್ಯಾನೇಜರ್, ಒಬ್ಬ ಕಳ್ಳ ಕಾಲಯಂತ್ರ ಹತ್ತಿ ಇಪ್ಪತ್ಮೂರನೆಯ ಶತಮಾನದ ಮಾಸ್ಕೋಗೆ ಹೋಗುತ್ತಾರೆ. ತ್ಸಾರ್ ಇವಾನ್ ಅದರಲ್ಲಿ ಸ್ವಲ್ಪ ಹೊತ್ತು ಬಂದುಹೋಗುವ ಪಾತ್ರ. ಮಾಸ್ಕೋದ ವಿಡಂಬನ ರಂಗಮಂದಿರದವರಿಗೆ ಹಿಡಿಸಿದ್ದು ಆ ಸಣ್ಣ ತುಣುಕೇ. ಭವಿಷ್ಯ ಬೇಡ, ಇವಾನನನ್ನೇ ಹಿಗ್ಗಿಸಿ ಬರೆಯಿರಿ ಎಂದರು. ಹೀಗೆ 1935ರಲ್ಲಿ 'ಇವಾನ್ ವಸೀಲಿಯೆವಿಚ್' ಹುಟ್ಟಿತು.

ಅದನ್ನು ಓದಿದ ಅಧಿಕಾರಿಗಳ ಕಸಿವಿಸಿಯನ್ನು ಬುಲ್ಗಾಕೊವ್‌ನ ಪತ್ನಿ ಎಲೆನಾ ದಿನಚರಿಯಲ್ಲಿ ದಾಖಲಿಸಿದ್ದಾರೆ. ಅಂದಿಗಿಂತ ಇಂದೇ ಚೆನ್ನಾಗಿದೆ ಎಂದು ಇವಾನನ ಬಾಯಲ್ಲಿ ಒಂದು ಮಾತು ಹೇಳಿಸಲು ಸಾಧ್ಯವಿಲ್ಲವೇ ಎಂಬುದು ಅವರ ಬೇಡಿಕೆಗಳಲ್ಲೊಂದು. ಹದಿನಾರನೆಯ ಶತಮಾನದ ನಿರಂಕುಶ ದೊರೆಯಿಂದ ಸೋವಿಯತ್ ಆಡಳಿತಕ್ಕೆ ಪ್ರಮಾಣಪತ್ರ ಬೇಕಾಗಿತ್ತು! ಬೇಡಿಕೆಯೊಳಗೆ ಎಂಥ ತಪ್ಪೊಪ್ಪಿಗೆ ಅಡಗಿದೆ ಎಂಬುದು ಕೇಳಿದವರಿಗೆ ಹೊಳೆದಿರಲಾರದು. ಬುಲ್ಗಾಕೊವ್ ಕೆಲವು ತಿದ್ದುಪಡಿಗಳಿಗೆ ಒಪ್ಪಿ, ನಡೆದದ್ದೆಲ್ಲ ಎಂಜಿನಿಯರ್ ಕಂಡ ಕನಸು ಎಂಬ ಚೌಕಟ್ಟು ಹಾಕಿದ. ಅದೂ ನಡೆಯಲಿಲ್ಲ. 1936ರ ಮಾರ್ಚ್‌ನಲ್ಲಿ 'ಪ್ರಾವ್ದಾ' ಪತ್ರಿಕೆ ಮೋಲಿಯೇರ್ ಕುರಿತ ಅವನ ನಾಟಕದ ಮೇಲೆ ಹರಿಹಾಯ್ದಿತು, ಆ ನಾಟಕ ನಿಂತುಹೋಯಿತು. ಮೇ 13ರಂದು 'ಇವಾನ್ ವಸೀಲಿಯೆವಿಚ್'ನ ಕೊನೆಯ ತಾಲೀಮು ವೇಷಭೂಷಣ ಸಮೇತ ನಡೆಯಿತು, ಅದರ ಬೆನ್ನಿಗೇ ನಿಷೇಧವೂ ಬಂತು. ನಾಟಕ ಮೊದಲ ಬಾರಿ ಅಚ್ಚಾದದ್ದು 1965ರಲ್ಲಿ. ಬುಲ್ಗಾಕೊವ್ ತೀರಿಕೊಂಡು ಆಗಲೇ ಇಪ್ಪತ್ತೈದು ವರ್ಷ.

ಕಾಲಯಾನದ ಕಥೆಗಳಿಗೆ ಸಾಮಾನ್ಯವಾಗಿ ಒಂದು ಜಂಬವಿರುತ್ತದೆ. ಮಾರ್ಕ್ ಟ್ವೇನ್ 1889ರಲ್ಲಿ ಬರೆದ ಕಾದಂಬರಿಯಲ್ಲಿ ಆರ್ಥರ್ ದೊರೆಯ ಕಾಲಕ್ಕೆ ಹೋದ ಅಮೆರಿಕನ್ ಮನುಷ್ಯ ತನ್ನ ತಾಂತ್ರಿಕ ಜ್ಞಾನದ ಬಲದಿಂದ ಇಡೀ ರಾಜ್ಯವನ್ನು ಕೈಗೆ ತೆಗೆದುಕೊಳ್ಳುತ್ತಾನೆ. 1895ರ ಎಚ್.ಜಿ. ವೆಲ್ಸ್ ಕಾದಂಬರಿಯ ಯಾತ್ರಿಕ ವಿಜ್ಞಾನಿ. ಇಬ್ಬರಿಗೂ ಹೋದ ಜಾಗದವರಿಗಿಂತ ಹೆಚ್ಚು ಗೊತ್ತು. ಬುಲ್ಗಾಕೊವ್ ಮತ್ತು ಗೈದಾಯ್ ಕಳಿಸುವ ಕಟ್ಟಡದ ಮ್ಯಾನೇಜರ್ ಬುನ್ಷಾಗೆ ಏನೂ ಗೊತ್ತಿಲ್ಲ. ಅವನು ಕರೆಂಟನ್ನಾಗಲಿ ಬಂದೂಕನ್ನಾಗಲಿ ಒಯ್ಯುವುದಿಲ್ಲ. ಅವನ ಸಾಮಾನು ಎಂದರೆ ಬಾಡಿಗೆದಾರರ ಮೇಲೆ ಕಣ್ಣಿಡುವ ಚಾಳಿ, ಮೇಲಿನವರ ಭಯ, ಹೆಂಡತಿಯ ಭಯ. ಇಷ್ಟು ಬಂಡವಾಳದಿಂದಲೇ ಅವನು ಒಂದು ಸಾಮ್ರಾಜ್ಯವನ್ನು ಕೆಲವು ಗಂಟೆ ಆಳುತ್ತಾನೆ. ಆಳಲು ಅದಕ್ಕಿಂತ ಹೆಚ್ಚಿನದೇನೂ ಬೇಕಾಗಲಿಲ್ಲ ಎನ್ನುವುದೇ ಈ ಕಥೆಯ ಚುಚ್ಚು.

ಗೈದಾಯ್ ಕಥೆಯನ್ನು ಕೈಗೆತ್ತಿಕೊಂಡಾಗ ಅವನು ದೇಶದ ಅತ್ಯಂತ ಜನಪ್ರಿಯ ಹಾಸ್ಯ ನಿರ್ದೇಶಕ. 1965ರ 'ಆಪರೇಷನ್ ವೈ', 1969ರ 'ವಜ್ರದ ಕೈ' ಚಿತ್ರಗಳನ್ನು ಕೋಟಿಗಟ್ಟಲೆ ಜನ ನೋಡಿದ್ದರು. ಅವನೂ ವ್ಲಾದ್ಲೆನ್ ಬಾಖ್ನೊವ್ ಕೂಡಿ ನಾಟಕವನ್ನು ತಮ್ಮ ಕಾಲಕ್ಕೆ ತಂದರು. ಈ ಬದಲಾವಣೆಯಲ್ಲಿ ಒಂದಿಷ್ಟು ನಷ್ಟವಾಗಿದೆ. ನಾಟಕದ ಬುನ್ಷಾ ರಾಜವಂಶದಲ್ಲಿ ಹುಟ್ಟಿದವನು. ಕ್ರಾಂತಿಯ ನಂತರ ಅಂಥ ಹುಟ್ಟು ಪ್ರಾಣಕ್ಕೇ ಸಂಚಕಾರವಾದ್ದರಿಂದ, ತಾನು ಅಪ್ಪನಿಗೆ ಹುಟ್ಟಿದವನಲ್ಲ, ಗಾಡಿ ಹೊಡೆಯುವವನಿಗೆ ಹುಟ್ಟಿದವನು ಎಂದು ದಾಖಲೆ ಹಿಡಿದು ಓಡಾಡುತ್ತಾನೆ. ಬದುಕಿಕೊಳ್ಳಲು ತಾಯಿಯ ಮಾನವನ್ನೇ ಒತ್ತೆಯಿಡುವ ಆ ನಗೆ 1930ರ ದಶಕದ್ದು. 1973ರಲ್ಲಿ ಅದಕ್ಕೆ ಜಾಗವಿರಲಿಲ್ಲ, ಚಿತ್ರದಲ್ಲಿ ಅದು ಇಲ್ಲ.

ಅದರ ಬದಲು ಬ್ರೆಜ್‌ನೆವ್ ಕಾಲದ ಕೊರತೆಯ ಸಂಸಾರ ಬಂತು. ಕಾಲಯಂತ್ರ ಕಟ್ಟುವ ಶೂರಿಕ್‌ಗೆ ಬೇಕಾದ ಟ್ರಾನ್ಸಿಸ್ಟರ್ ಅಂಗಡಿಗಳಲ್ಲಿ ಸಿಗುವುದಿಲ್ಲ. ಕೋಟಿನ ಒಳಮೈ ತುಂಬ ಬಿಡಿಭಾಗ ಸಿಕ್ಕಿಸಿಕೊಂಡ ಕಾಳಸಂತೆಯವನ ಹತ್ತಿರ ಸಿಗುತ್ತದೆ. ಕಳ್ಳನಿಗೆ ಬಲಿಯಾಗುವ ನೆರೆಮನೆಯ ಷ್ಪಾಕ್ ಹಲ್ಲಿನ ವೈದ್ಯ. ಅವನ ಮನೆಯಲ್ಲಿ ಇರುವುದೆಲ್ಲ ಮೂರು ಮೂರು: ಟೇಪ್ ರೆಕಾರ್ಡರ್ ಮೂರು, ವಿದೇಶಿ ಕ್ಯಾಮೆರಾ ಮೂರು, ಚರ್ಮದ ಜಾಕೆಟ್ ಮೂರು. ಕಳೆದುಹೋದದ್ದರ ಪಟ್ಟಿ ಹೇಳುತ್ತ ಅವನು ಗೋಳಾಡುವಾಗ ಆ ಸಂಪತ್ತು ಎಲ್ಲಿಂದ ಬಂತು ಎಂದು ಪ್ರೇಕ್ಷಕರು ತಾವೇ ಲೆಕ್ಕ ಹಾಕಿಕೊಳ್ಳುತ್ತಿದ್ದರು. ತ್ಸಾರನ ಔತಣದಲ್ಲಿ ಕೆಂಪು, ಕಪ್ಪು ಮೀನಿನ ಮೊಟ್ಟೆಗಳು ರಾಶಿ ರಾಶಿ. ಹೊರದೇಶದ ಅಪರೂಪದ ತಿನಿಸು ಎಂದು ಭಯಭಕ್ತಿಯಿಂದ ಚೂರೇ ಚೂರು ಬಡಿಸುವುದು ಬದನೆಕಾಯಿ ಗೊಜ್ಜನ್ನು. ಸೋವಿಯತ್ ಅಂಗಡಿಗಳಲ್ಲಿ ಲೆಕ್ಕ ಇದಕ್ಕೆ ಸರಿಯಾಗಿ ತಿರುಗುಮುರುಗಾಗಿತ್ತು. ಮಾತೇ ಬೇಡದ ಈ ವ್ಯಂಗ್ಯ ಸರದಿಯಲ್ಲಿ ನಿಂತು ಬೇಸತ್ತವರಿಗೆ ಕೂಡಲೇ ಮುಟ್ಟಿತು.

ಚಿತ್ರದ ಆರಂಭದಲ್ಲೇ ಇದು ವೈಜ್ಞಾನಿಕವೂ ಅಲ್ಲ, ಪೂರ್ತಿ ವಾಸ್ತವವೂ ಅಲ್ಲ, ಕಟ್ಟುನಿಟ್ಟಾದ ಇತಿಹಾಸವೂ ಅಲ್ಲ ಎಂಬರ್ಥದ ಶೀರ್ಷಿಕೆ ಬರುತ್ತದೆ. ಮಾಸ್ಕೋದ ದಿನನಿತ್ಯದ ಭಾಗ ಕಪ್ಪು ಬಿಳುಪಿನಲ್ಲಿದೆ. ಯಂತ್ರ ಸಿಡಿದು ಶೂರಿಕ್ ಪ್ರಜ್ಞೆ ತಪ್ಪಿದ ಮೇಲೆ ತೆರೆಯ ಮೇಲೆ ಬಣ್ಣ ಮೂಡುತ್ತದೆ, ಕೊನೆಗೆ ಎಚ್ಚರವಾದಾಗ ಬಣ್ಣ ಹೋಗುತ್ತದೆ. ಬುಲ್ಗಾಕೊವ್ ಒತ್ತಾಯಕ್ಕೆ ಮಣಿದು ಹಾಕಿದ್ದ ಕನಸಿನ ಚೌಕಟ್ಟನ್ನು ಗೈದಾಯ್ ಸಂತೋಷದಿಂದಲೇ ಬಳಸಿಕೊಂಡ. ಇತಿಹಾಸದ ಬಗ್ಗೆ ಅವನಿಗೆ ಎಷ್ಟು ನಿಶ್ಚಿಂತೆ ಎಂದರೆ, ತ್ಸಾರನ ಕ್ರೆಮ್ಲಿನ್ ಎಂದು ತೋರಿಸಿರುವುದು ಮಾಸ್ಕೋದಿಂದ ಸುಮಾರು 200 ಕಿಲೋಮೀಟರ್ ದೂರದ ರೊಸ್ತೊವ್ ಪಟ್ಟಣದ ಕ್ರೆಮ್ಲಿನ್ನನ್ನು. ಆ ಕಟ್ಟಡಗಳು ಎದ್ದದ್ದು ಹದಿನೇಳನೆಯ ಶತಮಾನದಲ್ಲಿ, ಇವಾನ್ ಸತ್ತು ಎಷ್ಟೋ ದಶಕ ಕಳೆದ ಮೇಲೆ.

ಆದರೆ ಒಂದು ನಿರ್ಧಾರದಲ್ಲಿ ಅವನು ಬಹಳ ಖಚಿತವಾಗಿದ್ದ: ತ್ಸಾರ್ ಇವಾನ್ ಮತ್ತು ಮ್ಯಾನೇಜರ್ ಬುನ್ಷಾ, ಇಬ್ಬರ ಪಾತ್ರವನ್ನೂ ಒಬ್ಬನೇ ನಟ ಮಾಡಬೇಕು. ಇಬ್ಬರ ಹೆಸರೂ ಇವಾನ್ ವಸೀಲಿಯೆವಿಚ್. ಮೊದಲು ಕೇಳಿದ್ದು ಖ್ಯಾತ ಹಾಸ್ಯನಟ ಯೂರಿ ನಿಕೂಲಿನ್‌ನನ್ನು. ಇಂಥ ಚಿತ್ರ ಬಿಡುಗಡೆಯಾಗದೆ ಕಪಾಟು ಸೇರುತ್ತದೆ ಎಂಬ ಅನುಮಾನದಿಂದ ಆತ ಹಿಂದೆ ಸರಿದ ಎಂದು ಹೇಳುತ್ತಾರೆ. ಪಾತ್ರ ಸಿಕ್ಕಿದ್ದು ಯೂರಿ ಯಾಕೊವ್ಲೆವ್‌ಗೆ. 1958ರ 'ಈಡಿಯಟ್' ಚಿತ್ರದಲ್ಲಿ ದಾಸ್ತೊಯೆವ್‌ಸ್ಕಿಯ ಸಾಧು ಮಿಷ್ಕಿನ್ ಆಗಿ ಹೆಸರು ಮಾಡಿದ್ದ ನಟ ಅವನು. ಯಾಕೊವ್ಲೆವ್ ಇಬ್ಬರನ್ನು ಬೇರೆ ಮಾಡುವುದು ಮೇಕಪ್ಪಿನಿಂದಲ್ಲ, ಬೆನ್ನುಮೂಳೆಯಿಂದ. ಬುನ್ಷಾನ ಬದಲು ಸೋವಿಯತ್ ಮಾಸ್ಕೋಗೆ ಬಂದು ಬಿದ್ದ ತ್ಸಾರ್ ಇಕ್ಕಟ್ಟಾದ ಫ್ಲ್ಯಾಟಿನಲ್ಲೂ ಎದೆ ಸೆಟೆಸಿ ನಿಲ್ಲುತ್ತಾನೆ. ಬುನ್ಷಾ ಸಿಂಹಾಸನದ ಮೇಲೂ ಮುದುಡಿ ಕೂರುತ್ತಾನೆ. ಈ ಅಂತರ ತೆರೆಯ ಮುಂದೆ ಕೂತ ಮಗುವಿಗೂ ಕಾಣುತ್ತದೆ. ಆಸ್ಥಾನದಲ್ಲಿ ಯಾರಿಗೂ ಕಾಣುವುದಿಲ್ಲ.

ಸಿಂಹಾಸನದ ಪ್ರಸಂಗವನ್ನು ಹಂತ ಹಂತವಾಗಿ ನೋಡಬೇಕು. ಮೊದಲು ರುಜು ಹಾಕಲು ಹೇಳಿದಾಗ ಬುನ್ಷಾ ಹಿಂಜರಿಯುತ್ತಾನೆ, ಇಂಥ ಐತಿಹಾಸಿಕ ದಾಖಲೆಗೆ ಸಹಿ ಹಾಕುವ ಅಧಿಕಾರ ತನಗಿಲ್ಲ ಎನ್ನುತ್ತಾನೆ. ಸಣ್ಣ ಕಚೇರಿಯ ಸಣ್ಣ ಅಧಿಕಾರಿಯ ಅಳುಕು ಅದು, ಪ್ರಾಮಾಣಿಕವಾದದ್ದು. ಆಮೇಲೆ ಔತಣ, ಮದ್ಯ, ಹಾಡು, ಪಕ್ಕದಲ್ಲಿ ಚೆಲುವೆ ರಾಣಿ. ನೋಡನೋಡುತ್ತ ಅಳುಕು ಕರಗುತ್ತದೆ. ಸ್ವೀಡನ್ನಿನ ರಾಯಭಾರಿ ಬಂದು ಕೆಮ್ ಎಂಬ ಸೀಮೆಯನ್ನು ಬಿಟ್ಟುಕೊಡಿ ಎಂದಾಗ, ಅಂಥ ಸೀಮೆಗೇನು, ತೆಗೆದುಕೊಂಡು ಹೋಗಲಿ ಎಂದು ಬುನ್ಷಾ ಕೈ ಬೀಸಿಬಿಡುತ್ತಾನೆ. ರುಜುವಿಗೆ ಹೆದರಿದ್ದವನು ಈಗ ನೆಲವನ್ನೇ ಕೊಡಲು ಸಿದ್ಧ. ಅವನನ್ನು ತಡೆಯುವವನು ಮಂತ್ರಿಯಲ್ಲ, ಸೇನಾನಿಯಲ್ಲ, ಕರಣಿಕನೂ ಅಲ್ಲ. ಸರ್ಕಾರಿ ಜಮೀನನ್ನು ಹೀಗೆ ಹಂಚುತ್ತ ಹೋದರೆ ಉಳಿಯುವುದೇನು ಎಂದು ಗದರುವವನು ಕಳ್ಳ ಮಿಲೊಸ್ಲಾವ್‌ಸ್ಕಿ. ಹಾಗೆ ಗದರಿದ ಅದೇ ಕಳ್ಳ ರಾಯಭಾರಿಯ ಕೊರಳಿನ ರತ್ನಪದಕವನ್ನು ಎಗರಿಸಿದ್ದಾನೆ ಎಂಬುದು ಬೇರೆ ಮಾತು.

ಇಡೀ ಸಭೆಯಲ್ಲಿ ದೊರೆಗೆ ಇಲ್ಲ ಎನ್ನಬಲ್ಲವನು ಕಳ್ಳನೊಬ್ಬನೇ ಏಕೆ? ಅಂಗಿಯ ಒಳಗಿರುವವನು ಯಾರೆಂದು ಗೊತ್ತಿರುವುದು ಅವನಿಗೊಬ್ಬನಿಗೇ. ಉಳಿದವರು ಕಾಣುವುದು ಅಂಗಿಯನ್ನು. ಫೆಯೊಫಾನ್ ದೊಡ್ಡ ಕಣ್ಣು ಬಿಟ್ಟು ನೋಡುತ್ತಾನೆ, ಏನೋ ಹೆಚ್ಚುಕಡಿಮೆಯಾಗಿದೆ ಎಂಬುದು ಅವನಿಗೆ ಹೊಳೆಯುತ್ತದೆ. ಆದರೆ ಹೊಳೆದದ್ದನ್ನು ನುಂಗಿಕೊಳ್ಳುವುದೇ ಅವನ ಕಸುಬು. ಸವೇಲಿ ಕ್ರಮಾರೊವ್ ಈ ಪಾತ್ರವನ್ನು ಪೆದ್ದನಂತೆ ಆಡಿದ್ದಾನೆ ಎನಿಸಬಹುದು. ಎರಡನೆಯ ಸಲ ನೋಡಿದರೆ ಅದು ಪೆದ್ದುತನವಲ್ಲ, ತಲೆ ಉಳಿಸಿಕೊಳ್ಳಲು ಕಲಿತ ವಿದ್ಯೆ ಎಂದು ತಿಳಿಯುತ್ತದೆ. ತ್ಸಾರ್ ನಕಲಿ ಎಂಬ ಕೂಗು ಎದ್ದದ್ದು ಔತಣದ ಮೇಜಿನಿಂದ ಅಲ್ಲ, ಯುದ್ಧಕ್ಕೆಂದು ಸುಮ್ಮನೆ ಅಟ್ಟಿಬಿಟ್ಟಿದ್ದ ಸೈನ್ಯದಿಂದ. ಜೊತೆಯಲ್ಲಿ ಉಂಡವರಿಗೆ ಕೊನೆಯವರೆಗೂ ಏನೂ ಗೊತ್ತಾಗುವುದಿಲ್ಲ.

ಸೋವಿಯತ್ ಸೆನ್ಸಾರ್‌ನವರ ಕತ್ತರಿ ಎಲ್ಲಿ ಆಡಿತು ಎಂಬುದನ್ನು ಗಮನಿಸಿದರೆ ಈ ವಾದಕ್ಕೆ ಸಾಕ್ಷಿ ಸಿಗುತ್ತದೆ. ತ್ಸಾರನ ಬಗೆಗಿನ ನಗೆಗೆ ಅವರ ತಕರಾರಿರಲಿಲ್ಲ. ಪೊಲೀಸರು ನಿಜವಾದ ತ್ಸಾರನನ್ನು ಹಿಡಿದು ಮನೆ ಎಲ್ಲಿ ಎಂದು ಕೇಳುವ ಸನ್ನಿವೇಶವಿದೆ. ಮೊದಲಿನ ಉತ್ತರ ಮಾಸ್ಕೋ, ಕ್ರೆಮ್ಲಿನ್ ಎಂದಿತ್ತು. ಆ ವಿಳಾಸದಲ್ಲಿ ಆಗ ಬೇರೆಯವರು ಕೂತಿದ್ದರು. ಹಾಗಾಗಿ ಉತ್ತರ ಅರಮನೆ ಎಂದಾಯಿತು. ಔತಣದ ನಡುವೆ ಬುನ್ಷಾ ಇದರ ಖರ್ಚು ಯಾರದು ಎಂದು ಕೇಳುತ್ತಾನೆ. ಕಳ್ಳನ ಮೊದಲಿನ ಉತ್ತರ, ಜನರದು. ಡಬ್ಬಿಂಗ್‌ನಲ್ಲಿ ಅದು ಬದಲಾಗಿ, ನಮ್ಮದಂತೂ ಅಲ್ಲ ಎಂದಾಯಿತು. ಹಲ್ಲಿಲ್ಲದ ಹಾಸ್ಯವಾಗಿದ್ದರೆ ಎರಡೇ ಎರಡು ಪದಗಳಿಗೆ ಇಷ್ಟು ಹೆದರಬೇಕಾಗಿರಲಿಲ್ಲ. ಬದಲಾದ ಉತ್ತರವೇ ಹೆಚ್ಚು ಚೂಪಾಯಿತು. ಖರ್ಚು ನಮ್ಮದಲ್ಲ ಎಂಬುದು ಎಲ್ಲ ಕಾಲದ ಅಧಿಕಾರಸ್ಥರ ಮನಸ್ಸಿನ ಮಾತು. ರಷ್ಯನ್ನರು ಇಂದಿಗೂ ಸರ್ಕಾರಿ ಅದ್ದೂರಿ ಕಂಡಾಗ ನೆನೆಯುವುದು ಆ ಪ್ರಶ್ನೆಯನ್ನೇ.

ಸೆನ್ಸಾರ್ ಕಣ್ತಪ್ಪಿಸಿಕೊಂಡು ಉಳಿದವೂ ಇವೆ. ಶೂರಿಕ್‌ನ ಮನೆಯಲ್ಲಿ ಒಂಟಿಯಾದ ತ್ಸಾರ್ ಟೇಪ್ ರೆಕಾರ್ಡರ್‌ನಲ್ಲಿ ವ್ಲಾದಿಮಿರ್ ವೈಸೊತ್‌ಸ್ಕಿಯ ಹಾಡು ಕೇಳಿ ಮನಕರಗುತ್ತಾನೆ. ವೈಸೊತ್‌ಸ್ಕಿಯ ಹಾಡುಗಳು ಆಗ ಹೆಚ್ಚಾಗಿ ಕೈಯಿಂದ ಕೈಗೆ ಹೋಗುವ ಟೇಪುಗಳಲ್ಲಿ ಬದುಕಿದ್ದವು. ಸರ್ಕಾರ ಮನಸಾರೆ ಮನ್ನಣೆ ಕೊಡದ ಗಾಯಕನಿಗೆ ಇವಾನ್ ಕಿವಿಗೊಡುತ್ತಾನೆ.

ಈಗ ಎರಡನೆಯ, ಗಟ್ಟಿಯಾದ ಆಕ್ಷೇಪಕ್ಕೆ ಬರಬೇಕು. ಹಾಡು ಕೇಳಿ ಕರಗುವ ಈ ಇವಾನ್ ಯಾರು? 1547ರಲ್ಲಿ ರಷ್ಯದ ಮೊದಲ ತ್ಸಾರ್ ಎಂದು ಕಿರೀಟ ಧರಿಸಿದವನು. 1565ರಿಂದ 1572ರವರೆಗೆ ದೇಶವನ್ನು ಸೀಳಿ, ಒಂದು ಭಾಗವನ್ನು ತನ್ನ ಖಾಸಗಿ ಪಡೆಯಾದ ಒಪ್ರಿಚ್ನಿಕರ ಕೈಗೆ ಕೊಟ್ಟವನು. ಕಪ್ಪು ಬಟ್ಟೆ ತೊಟ್ಟು, ಕುದುರೆಗೆ ನಾಯಿಯ ತಲೆಯನ್ನೂ ಪೊರಕೆಯನ್ನೂ ಕಟ್ಟಿಕೊಂಡು ತಿರುಗುತ್ತಿದ್ದ ಆ ಪಡೆ 1570ರಲ್ಲಿ ನೊವ್‌ಗೊರೊದ್ ನಗರದಲ್ಲಿ ಸಾವಿರಾರು ಜನರನ್ನು ಕೊಂದಿತು. ತನ್ನನ್ನು ಎದುರಿಸಿ ಮಾತಾಡಿದ ಧರ್ಮಗುರು ಫಿಲಿಪ್‌ನನ್ನು ಇವಾನ್ ಪದಚ್ಯುತಗೊಳಿಸಿದ. 1569ರಲ್ಲಿ ಸೆರೆಯಲ್ಲಿದ್ದ ಫಿಲಿಪ್‌ನ ಕತ್ತು ಹಿಸುಕಿ ಕೊಂದದ್ದು ಅದೇ ಪಡೆಯವನು. 1581ರಲ್ಲಿ ಸ್ವಂತ ಮಗನ ಸಾವಿಗೂ ತಂದೆಯ ಏಟೇ ಕಾರಣವಾಯಿತು. ಗೈದಾಯ್ ಚಿತ್ರದಲ್ಲಿ ಈ ಪಡೆಯ ಬಳಗ ಸಾಲಾಗಿ ಹಾಡುತ್ತ ಹೆಜ್ಜೆ ಹಾಕುತ್ತದೆ. ಅಲೆಕ್ಸಾಂದರ್ ಜಾತ್ಸೆಪಿನ್ ಕಟ್ಟಿದ ರಾಗಗಳು ಎಷ್ಟು ಚೆಂದವೆಂದರೆ ನೊವ್‌ಗೊರೊದ್ ಯಾರಿಗೂ ನೆನಪಾಗುವುದಿಲ್ಲ. ತಲೆಮಾರುಗಳ ಮಕ್ಕಳು ಇವಾನನ ಮುಖ ಎಂದರೆ ಯಾಕೊವ್ಲೆವ್‌ನ ಮುಖ ಎಂದೇ ಬೆಳೆದರು. ಇದನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಆದರೂ ಇವಾನನನ್ನು ತೋರಿಸಲು ಸೋವಿಯತ್ ತೆರೆಗೆ ಇದ್ದ ಇನ್ನೊಂದು ದಾರಿ ಯಾವುದಿತ್ತು ಎಂದೂ ಕೇಳಬೇಕು. ಸೆರ್ಗೆಯ್ ಐಸೆನ್‌ಸ್ಟೈನ್‌ನ 'ಇವಾನ್ ದಿ ಟೆರಿಬಲ್' ಚಿತ್ರದ ಮೊದಲ ಭಾಗಕ್ಕೆ 1946ರಲ್ಲಿ ಸ್ಟಾಲಿನ್ ಪ್ರಶಸ್ತಿ ಬಂತು. ಇವಾನನ ಅಳುಕು, ಅನುಮಾನಗಳನ್ನು ತೋರಿಸಿದ ಎರಡನೆಯ ಭಾಗಕ್ಕೆ ಅದೇ ವರ್ಷ ನಿಷೇಧ. 1947ರ ಫೆಬ್ರವರಿಯಲ್ಲಿ ಸ್ಟಾಲಿನ್ ನಿರ್ದೇಶಕನನ್ನೂ ನಟ ಚೆರ್ಕಾಸೊವ್‌ನನ್ನೂ ಕ್ರೆಮ್ಲಿನ್‌ಗೆ ಕರೆಸಿ ಪಾಠ ಹೇಳಿದ. ಇವಾನ್ ಕ್ರೂರಿಯಾಗಿದ್ದ, ಸರಿ, ಆ ಕ್ರೌರ್ಯ ಏಕೆ ಅಗತ್ಯವಾಗಿತ್ತು ಎಂಬುದನ್ನೂ ತೋರಿಸಬೇಕು ಎಂಬುದು ಪಾಠದ ಸಾರ. ಎರಡನೆಯ ಭಾಗ ಬಿಡುಗಡೆಯಾಗಲು 1958 ಬರಬೇಕಾಯಿತು. ಆಗ ಸ್ಟಾಲಿನ್ನೂ ಇರಲಿಲ್ಲ, ಐಸೆನ್‌ಸ್ಟೈನ್‌ನೂ ಇರಲಿಲ್ಲ. ಇವಾನನನ್ನು ಗಂಭೀರವಾಗಿ ತೋರಿಸುವ ದಾರಿ ಸೀದಾ ಅವನನ್ನು ಸಮರ್ಥಿಸುವ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ ಕಾಲವದು. ಐಸೆನ್‌ಸ್ಟೈನ್‌ನಂಥ ಮೇಧಾವಿ ಅದರಿಂದ ತಪ್ಪಿಸಿಕೊಳ್ಳಲು ಯತ್ನಿಸಿ ಬೆಲೆ ತೆತ್ತ.

ಗೈದಾಯ್ ಚಿತ್ರದ ಇವಾನ್ ಅಗತ್ಯವಾದ ಕ್ರೂರಿಯಲ್ಲ. ದೇಶ ಕಟ್ಟುವ ಮಾತನ್ನು ಅವನು ಒಮ್ಮೆಯೂ ಆಡುವುದಿಲ್ಲ. ಶೂರಿಕ್ ತನ್ನ ಯಂತ್ರದ ಬಗ್ಗೆ ವಿವರಿಸುವಾಗ, ನನ್ನಲ್ಲೂ ಹೀಗೇ ರೆಕ್ಕೆ ಮಾಡಿದವನೊಬ್ಬನಿದ್ದ ಎಂದು ಇವಾನ್ ನೆನಪಿಸಿಕೊಳ್ಳುತ್ತಾನೆ. ಆಮೇಲೆ ಏನಾಯಿತು ಎಂದರೆ, ಮದ್ದಿನ ಪೀಪಾಯಿಯ ಮೇಲೆ ಕೂರಿಸಿದೆ, ಹಾರಲಿ ಎಂದು, ಎನ್ನುತ್ತಾನೆ. ಜನ ಗೊಳ್ಳೆಂದು ನಗುತ್ತಾರೆ. ಒಬ್ಬ ಸಂಶೋಧಕನ ಕೊಲೆಯನ್ನು ಇನ್ನೊಬ್ಬ ಸಂಶೋಧಕನ ಎದುರಿಗೆ ಕೂತು ಹೇಳುವ ಆ ನಿರಾಳತೆಯಲ್ಲಿ ಯಾವ ರಾಜಕಾರಣವೂ ಇಲ್ಲ, ಯಾವ ಐತಿಹಾಸಿಕ ಅನಿವಾರ್ಯವೂ ಇಲ್ಲ. ಬರೀ ಸರಸ. ಕೊಲ್ಲಲು ಕಾರಣ ಬೇಕಿಲ್ಲದವನ ಚಿತ್ರ ಅದು. ಸ್ಟಾಲಿನ್ ಕಾಲದ ನಾಟಕಕಾರ ಕಟ್ಟಿದ ಈ ಪ್ರಸಂಗವನ್ನು ಗೈದಾಯ್ ಮುಟ್ಟದೆ ಉಳಿಸಿಕೊಂಡ. ಇವಾನನಿಗೆ ಮೆರುಗು ಹಚ್ಚುವುದೇ ಅವನ ಉದ್ದೇಶವಾಗಿದ್ದರೆ ಮೊದಲು ಹೋಗಬೇಕಾಗಿದ್ದದ್ದು ಇದು.

ಚಿತ್ರದ ಕೊನೆಯ ಭಾಗ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಮಾಸ್ಕೋದಲ್ಲಿ ನಿಜವಾದ ತ್ಸಾರ್ ತಾನು ತ್ಸಾರ್ ಎಂದರೆ ಹುಚ್ಚನೆಂದು ಹಿಡಿಯುತ್ತಾರೆ. ಅಲ್ಲಿ ನಕಲಿಗೆ ನಡುಬಾಗುವ ಆಸ್ಥಾನ, ಇಲ್ಲಿ ಅಸಲಿಯನ್ನು ಆಸ್ಪತ್ರೆಗೆ ಸಾಗಿಸುವ ಆಂಬ್ಯುಲೆನ್ಸ್. ಎರಡೂ ಕಡೆ ತೀರ್ಮಾನವಾಗುವುದು ಉಡುಪು, ಜಾಗ, ದಾಖಲೆಗಳಿಂದ. ಅಂದರೆ ಇವಾನನ ದರ್ಪಕ್ಕೆ ಅವನೊಳಗೆ ಯಾವ ಆಧಾರವೂ ಇಲ್ಲ. ಸುತ್ತಲಿನವರು ಬಾಗುವುದನ್ನು ನಿಲ್ಲಿಸಿದ ಗಳಿಗೆಯಲ್ಲಿ ಅವನು ವಿಚಿತ್ರ ಬಟ್ಟೆ ತೊಟ್ಟ ಮನುಷ್ಯ, ಅಷ್ಟೇ. ದೊರೆಯ ಮಹಿಮೆಯನ್ನು ಇದಕ್ಕಿಂತ ಹೆಚ್ಚು ಕಳಚುವುದು ಗಂಭೀರ ಚಿತ್ರಕ್ಕೂ ಕಷ್ಟ.

2016ರ ಅಕ್ಟೋಬರ್‌ನಲ್ಲಿ ರಷ್ಯದ ಓರ್ಯೋಲ್ ನಗರದಲ್ಲಿ ಇವಾನನ ಪ್ರತಿಮೆ ಎದ್ದಿತು. ಕುದುರೆ ಏರಿ, ಕೈಯಲ್ಲಿ ಶಿಲುಬೆ ಎತ್ತಿ ಹಿಡಿದ ವಿಗ್ರಹ. ತ್ಸಾರರ ಕಾಲದಲ್ಲೂ ಸೋವಿಯತ್ ಕಾಲದಲ್ಲೂ ಯಾರೂ ನಿಲ್ಲಿಸದಿದ್ದ ಪ್ರತಿಮೆಯದು. ಜನ ಇವಾನನನ್ನು ಒಪ್ಪಿಕೊಳ್ಳಲು ಹಾಸ್ಯಚಿತ್ರ ದಾರಿ ಮಾಡಿಕೊಟ್ಟಿತು ಎಂದು ಯಾರಾದರೂ ವಾದಿಸಿದರೆ, ಆ ಪ್ರತಿಮೆಯನ್ನೇ ತೋರಿಸಬೇಕು. ಅದರಲ್ಲಿ ನಗೆಯ ಸುಳಿವಿಲ್ಲ. ಅದನ್ನು ನಿಲ್ಲಿಸಿದವರಿಗೆ ಬೇಕಾಗಿದ್ದದ್ದು ಐಸೆನ್‌ಸ್ಟೈನ್‌ನಿಂದ ಸ್ಟಾಲಿನ್ ಬಯಸಿದ್ದ ಇವಾನ್: ಭವ್ಯ, ಅಗತ್ಯ, ಪ್ರಶ್ನಾತೀತ. ಹಲ್ಲುನೋವಿನ ಬಟ್ಟೆ ಕಟ್ಟಿಕೊಂಡು ಅದೇ ಸಿಂಹಾಸನದ ಮೇಲೆ ಕೂರುವ ಬುನ್ಷಾ ಆ ಭವ್ಯತೆಗೆ ಒಗ್ಗುವವನಲ್ಲ.

ಹಾಗಾಗಿ ತೀರ್ಪು ಎರಡು ಭಾಗಗಳಲ್ಲಿ ಬರಬೇಕು. ಇವಾನ್ ಎಂಬ ಐತಿಹಾಸಿಕ ವ್ಯಕ್ತಿಯ ಬಗ್ಗೆ ಈ ಚಿತ್ರ ನಂಬಬಹುದಾದ ಏನನ್ನೂ ಹೇಳುವುದಿಲ್ಲ. ನೊವ್‌ಗೊರೊದ್‌ನಲ್ಲಿ ಸತ್ತವರಿಗೆ ಅದು ನ್ಯಾಯ ಸಲ್ಲಿಸಿಲ್ಲ. ಆ ಮಟ್ಟಿಗೆ ಆಕ್ಷೇಪ ಸರಿ. ಆದರೆ ಕರಣಿಕ, ಕಾವಲುಗಾರ, ಭಟ, ಅತಿಥಿ, ಹೀಗೆ ದೊರೆಯ ಸುತ್ತ ನಿಂತವರ ಬಗ್ಗೆ ಅದು ಹೇಳುವುದೆಲ್ಲ ನಿಜ. 1936ರಲ್ಲಿ ನಾಟಕವನ್ನು ನಿಲ್ಲಿಸಿದವರಿಗೂ 1973ರಲ್ಲಿ ಎರಡು ಉತ್ತರ ಬದಲಿಸಿದವರಿಗೂ ಅದು ನಿಜವೆಂದು ಗೊತ್ತಿತ್ತು.

ಮಾಸ್‌ಫಿಲ್ಮ್ ತನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಚಿತ್ರವನ್ನು ಇಂಗ್ಲಿಷ್ ಸಬ್‌ಟೈಟಲ್ ಸಮೇತ ಹಾಕಿದೆ. ರಷ್ಯನ್ ಬಾರದವರೂ ಒಂದೂವರೆ ಗಂಟೆ ಬಿಡುವು ಮಾಡಿಕೊಂಡು ನೋಡಬಹುದು. ಮೊದಲ ಸಲ ಯಾಕೊವ್ಲೆವ್‌ನನ್ನು ನೋಡಿ ನಕ್ಕವರು ಎರಡನೆಯ ಸಲ ಫೆಯೊಫಾನ್‌ನನ್ನೇ ಹಿಂಬಾಲಿಸಿ ನೋಡಲಿ.